ಮದ್ದೋ ನೀರೋ

ಸೊಸೆಯ ಜೊತೆ ಚನ್ನರಾಯಪ್ಪ ದೂರ ಪ್ರಯಾಣ ಮಾಡಿದ್ದೇ ಅವಳಿಗೆ ಕಾಯಿಲೆ ಬಂದ ಮೇಲೆ. ಅದಕ್ಕೆ ಮುಂಚೆ ಮಾವ ಸೊಸೆಯರ ಮಾತುಕತೆ "ಕಾಫಿ ಇಟ್ಟಿದ್ದೀನಿ ಮಾವ", "ಹೂಂ, ಇರಲಿ ಬಿಡಮ್ಮ" ಎನ್ನುವಷ್ಟರಲ್ಲೇ ಮುಗಿದುಹೋಗುತ್ತಿತ್ತು. ಶ್ರೀನಿವಾಸಪುರದಿಂದ ಸ್ವಲ್ಪ ಒಳಗಿದ್ದ ಹಳ್ಳಿಯಲ್ಲಿ ಅವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ವೆಂಕಟ್ ನರಸಾಪುರದ ಕಾರ್ಖಾನೆಯೊಂದಕ್ಕೆ ಬಸ್ಸು ಓಡಿಸುತ್ತಿದ್ದ. ಸೊಸೆ ಮೌನಿಕಾ ಅದೇ ಕಾರ್ಖಾನೆಯಲ್ಲಿ ಫೋನುಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿದ್ದಳು. ಗಂಡನ ಬಸ್ಸಿನಲ್ಲೇ, ಅವನ ಹಿಂದಿನ ಸೀಟಿನಲ್ಲಿ ಕೂತು ಹೋಗಿ ಬರುತ್ತಿದ್ದಳು. ಮಗಳು ಶ್ರೀವಾಣಿ ಆಗಿನ್ನೂ ಎರಡನೇ ಕ್ಲಾಸು.

ಮೌನಿಕಾಳ ತವರು ನಂಗಲಿ. ಅಲ್ಲಿ ಹೈವೇ ಪಕ್ಕದಲ್ಲಿ ಅವಳ ತಾಯಿ ಶಾಮಲಮ್ಮ ಲಾರಿಯವರಿಗೆ ದೋಸೆ ಹುಯ್ದುಕೊಡುವ ಸಣ್ಣ ಹೋಟೆಲು ನಡೆಸುತ್ತಿದ್ದಳು. ತವರಿನಲ್ಲಿ ತೆಲುಗು, ಗಂಡನ ಮನೆಯಲ್ಲಿ ಕನ್ನಡ; ಆಂಧ್ರದ ಗಡಿಯ ಕಡೆಯವರಾದ್ದರಿಂದ ಇವರಿಗೂ ತೆಲುಗು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳ ಕನ್ನಡ ಕೇಳಿ ವೆಂಕಟ್ ಒಂದೆರಡು ಸಲ ನಕ್ಕಿದ್ದ. ಅವಳು ಹಟಕ್ಕೆ ಬಿದ್ದು ಕಲಿತಳು. ಆಮೇಲೆ ಮಗಳ ಶಾಲೆಯ ಪಾಠವನ್ನು ಅವಳೇ ಹೇಳಿಕೊಡುತ್ತಿದ್ದಳು.

ಮೊದಮೊದಲು ಬಲಗೈಯಲ್ಲಿ ಹಿಡಿದದ್ದು ಜಾರಿ ಬೀಳುತ್ತಿತ್ತು. ಆಮೇಲೆ ತಲೆನೋವು ಶುರುವಾಯಿತು. ಕನ್ನಡಕ ಬೇಕೇನೋ ಅಂದುಕೊಂಡು ಕೋಲಾರದಲ್ಲಿ ಕಣ್ಣು ತೋರಿಸಿಕೊಂಡು ಬಂದಳು. ಅದಾದ ಕೆಲವೇ ದಿನಕ್ಕೆ, ಶಿಫ್ಟು ಮುಗಿಸಿಕೊಂಡು ಬರುವಾಗ, ಬಸ್ಸಿನಲ್ಲಿದ್ದ ಹುಡುಗಿಯರು ಒಟ್ಟಿಗೆ ಕಿರುಚಿಕೊಂಡರು. ವೆಂಕಟ್ ಬ್ರೇಕು ಹಾಕಿ ತಿರುಗಿ ನೋಡಿದರೆ ಅವನ ಹೆಂಡತಿ ಸೀಟಿನಿಂದ ಜಾರಿ ಕೈಕಾಲು ಸೆಟೆದುಕೊಂಡು ಒದ್ದಾಡುತ್ತಿದ್ದಳು. ಬಸ್ಸನ್ನು ಹಾಗೇ ತಿರುಗಿಸಿ, ಅಷ್ಟೂ ಜನರ ಸಮೇತ ಆಸ್ಪತ್ರೆಗೆ ಓಡಿಸಿದ.

ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆ. ಮೆದುಳಿನ ಎಡಭಾಗದಲ್ಲಿ ಗಡ್ಡೆ ಇತ್ತು. ತಲೆ ತೆರೆದು ತೆಗೆದರು. ಪರೀಕ್ಷೆಗೆ ಕಳಿಸಿದ್ದರ ವರದಿ ಬಂದ ದಿನ ಡಾಕ್ಟರ್ ಚೈತನ್ಯ ಎನ್ನುವ ಹೆಣ್ಣುಮಗಳು ಮೂವರನ್ನೂ ಒಳಗೆ ಕರೆದರು. ಚನ್ನರಾಯಪ್ಪ ಬಾಗಿಲ ಹತ್ತಿರ ನಿಂತೇ ಇದ್ದ. ಅವರೇ ಕುರ್ಚಿ ಎಳೆದು ಕೂರಿಸಿದರು.

"ಕಣ್ಣಿಗೆ ಕಂಡಷ್ಟನ್ನ ತೆಗೆದಿದ್ದೀವಿ. ಆದ್ರೆ ಇದು ಬಹಳ ಜೋರಾಗಿ ಬೆಳೆಯೋ ಜಾತಿ. ರೇಡಿಯೇಷನ್ನು, ಮಾತ್ರೆ ಎಲ್ಲ ಕೊಡ್ತೀವಿ. ಆದ್ರೂ ಮತ್ತೆ ಬರುತ್ತೆ. ಅದನ್ನ ಮುಚ್ಚಿಡಲ್ಲ" ಅಂದರು.

ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಮೌನಿಕಾ ಅವರ ಮುಖವನ್ನೇ ನೋಡುತ್ತಿದ್ದಳು. "ಬೇರೆ ಏನೂ ಇಲ್ವಾ ಮೇಡಂ?"

ಆಗ ಡಾಕ್ಟರು ಲಸಿಕೆಯ ವಿಷಯ ತೆಗೆದರು. ಅವಳಿಂದಲೇ ತೆಗೆದ ಗಡ್ಡೆಯ ಚೂರು, ಅವಳದೇ ರಕ್ತದ ಒಂದು ಬಗೆಯ ಕಣ. ಆ ಕಣಗಳಿಗೆ ಗಡ್ಡೆಯ ಗುರುತು ಹಿಡಿಸಿ, ಮತ್ತೆ ಅವಳ ಮೈಗೇ ಚುಚ್ಚುವುದು. ಮೈಯೇ ಗಡ್ಡೆಯನ್ನು ಹುಡುಕಿ ಹೊಡೆಯಬಹುದು ಎನ್ನುವುದು ಆಸೆ. "ಆಸೆ ಅಷ್ಟೆ. ಕೆಲಸ ಮಾಡುತ್ತೋ ಇಲ್ವೋ ಅಂತ ನೋಡೋದಕ್ಕೇ ಈ ಪ್ರಯೋಗ" ಅಂದರು. ಸೇರಿದವರಲ್ಲಿ ಕೆಲವರಿಗೆ ಲಸಿಕೆ, ಕೆಲವರಿಗೆ ಮದ್ದಿಲ್ಲದ ಸೂಜಿ. ಯಾರಿಗೆ ಯಾವುದು ಎಂದು ಆರಿಸುವುದು ಕಂಪ್ಯೂಟರು. ಉಳಿದ ಚಿಕಿತ್ಸೆ ಎಲ್ಲರಿಗೂ ಒಂದೇ.

"ಅಂದ್ರೆ ನಂಗೆ ನೀರು ಬಂದ್ರೂ ಬರಬೋದು?" ಎಂದಳು ಮೌನಿಕಾ.

"ಬರಬೋದು. ಬಂದ್ರೂ ನಿಮಗೆ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ವೆಂಕಟ್ ಎದ್ದು ನಿಂತ. "ನನ್ನ ಹೆಂಡ್ತೀನ ಇಲಿ ಮಾಡ್ಬೇಡಿ ಮೇಡಂ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮೇಲೆ ಗಂಡ ಹೆಂಡತಿಗೆ ಅದೇ ಜಗಳ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಚನ್ನರಾಯಪ್ಪನಿಗೆ ಎಲ್ಲ ಕೇಳಿಸುತ್ತಿತ್ತು.

"ಹೊಸ ಫೋನು ಬಂದ್ರೆ ನಾವು ಎತ್ತರದಿಂದ ಬೀಳಿಸಿ ನೋಡ್ತೀವಿ, ನೀರಲ್ಲಿ ಮುಳುಗಿಸಿ ನೋಡ್ತೀವಿ. ನೋಡ್ದೆ ಯಾರಿಗೆ ಹೆಂಗೆ ಗೊತ್ತಾಗ್ತೈತೆ?" ಎನ್ನುತ್ತಿದ್ದಳು ಮೌನಿಕಾ.

"ನೀನು ಫೋನಾ?"

"ಮತ್ತೆ ನೀವೇ ಹೇಳ್ರಿ, ಇನ್ನೇನೈತೆ? ಬೇರೆ ದಾರಿ ಇದ್ರೆ ಅದನ್ನೇ ಹಿಡಿಯಾಣ."

"ಪ್ರತಿ ಸಲ ಬೆಂಗಳೂರಿಗೆ ಯಾರು ಕರ್ಕೊಂಡು ಹೋಗ್ತಾರೆ? ನಂಗೆ ರಜ ಯಾರು ಕೊಡ್ತಾರೆ?" ಎಂದು ವೆಂಕಟ್ ಕೂಗಾಡಿದ.

ಚನ್ನರಾಯಪ್ಪ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. "ಅವಳ ಮೈ ಕಣೋ. ಅವಳಿಗೆ ಬೇಕು ಅನ್ನಿಸಿದ್ರೆ ತಗೊಳ್ಳಿ. ನಾನು ಕರ್ಕೊಂಡು ಹೋಗ್ತೀನಿ."

ಆ ಮಾತು ಕೇಳಿ ಇಬ್ಬರೂ ಅವನ ಕಡೆ ತಿರುಗಿದರು. ಹೇಳಿದ ಮೇಲೆ ಅವನಿಗೇ ಒಂದು ತರಹ ಆಯಿತು. ತಲೆ ತಗ್ಗಿಸಿಕೊಂಡು ಮತ್ತೆ ಹುಳುಮನೆಗೆ ಹೋದ.

ಶ್ರೀವಾಣಿಯನ್ನು ನಂಗಲಿಗೆ, ಅಜ್ಜಿಯ ಮನೆಗೆ ಬಿಟ್ಟರು. ರೇಡಿಯೇಷನ್ನು ಮುಗಿದು ಲಸಿಕೆ ಸಿದ್ಧವಾದ ಮೇಲೆ ಮಾವ ಸೊಸೆಯರ ಓಡಾಟ ಶುರುವಾಯಿತು. ಹೊತ್ತಾರೆ ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿ, ಕೋಲಾರದಲ್ಲಿ ಬದಲಾಯಿಸಿ ಬೆಂಗಳೂರು. ಮೊದಲ ಸಲ ಅವನು ಸೊಸೆಯ ಪಕ್ಕದಲ್ಲಿ ಕೂರದೆ ಹಿಂದಿನ ಸೀಟಿನಲ್ಲಿ ಕೂತ. ದಾರಿಯಲ್ಲಿ ಅವಳು ವಾಲಿ ಬೀಳುವ ಹಾಗಾದಾಗ ಯಾರೋ ಹೆಂಗಸು ಹಿಡಿದುಕೊಂಡಳು. ಎರಡನೇ ಸಲದಿಂದ ಪಕ್ಕದಲ್ಲೇ ಕೂತ.

ಹಾಗೆ ಪಕ್ಕದಲ್ಲಿ ಕೂತ ಮೇಲೆ ಮಾತು ತಾನಾಗಿ ಬಂತು. ಚಿಕ್ಕಂದಿನಲ್ಲಿ ಲಾರಿಗಳ ಸದ್ದು ಇಲ್ಲದಿದ್ದರೆ ತನಗೆ ನಿದ್ದೆ ಬರುತ್ತಿರಲಿಲ್ಲ, ಮದುವೆಯಾಗಿ ಬಂದಾಗ ಈ ಊರಿನ ನಿಶ್ಶಬ್ದಕ್ಕೆ ಹೆದರಿ ಅತ್ತಿದ್ದೆ ಎಂದು ಅವಳು ಹೇಳಿದಳು. "ಅಯ್ಯೋ, ಒಂದು ಮಾತು ಹೇಳಬಾರ್ದಾ?" ಅಂದ ಚನ್ನರಾಯಪ್ಪ. "ನಿಮ್ಮ ಹತ್ರ ಯಾರು ಮಾತಾಡ್ತಾರೆ ಮಾವ, ಮುಖ ಹಂಗೆ ಇಟ್ಕೊಂಡಿರ್ತೀರಾ" ಎಂದು ಅವಳು ನಕ್ಕಳು. ಇನ್ನೊಂದು ದಿನ ಅವನು ತನ್ನ ಹೆಂಡತಿಯ ಬಗ್ಗೆ ಹೇಳಿದ. ಜಾಂಡೀಸು ಬಂದಾಗ ನಾಟಿ ಔಷಧಿ ಕುಡಿಸಿ ಕುಡಿಸಿ ಆಸ್ಪತ್ರೆಗೆ ತಡಮಾಡಿ ಒಯ್ದರಂತೆ.

ಆಸ್ಪತ್ರೆಯ ಬೆಂಚಿನಲ್ಲಿ ಅವರಿಗೆ ಮುನಿಕೃಷ್ಣನ ಪರಿಚಯವಾಯಿತು. ಮಾಲೂರು ಕಡೆಯ ಶಿವಾರಪಟ್ಟಣದವನು, ಕಲ್ಲಿನಲ್ಲಿ ದೇವರ ವಿಗ್ರಹ ಕೆತ್ತುವವನು. ಅವನಿಗೂ ಇದೇ ಗಡ್ಡೆ. ಅವನೂ ಇದೇ ಪ್ರಯೋಗಕ್ಕೆ ಸೇರಿದ್ದ. ಸೂಜಿ ಚುಚ್ಚಿಸಿಕೊಂಡವರನ್ನು ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಿದ್ದರು. ಆಗ ಇಬ್ಬರೂ ಸೇರಿ ತಮ್ಮದು ಮದ್ದೋ ನೀರೋ ಎಂದು ಲೆಕ್ಕ ಹಾಕುತ್ತಿದ್ದರು.

"ನಿಂಗೆ ಜ್ವರ ಬಂತೇನಮ್ಮ?"

"ಬಂತಣ್ಣ. ಚುಚ್ಚಿದ ಜಾಗ ಊದ್ಕೊಂಡು ಕೆಂಪಗಾಗಿತ್ತು."

"ಹಂಗಾರೆ ನಿಂದು ಮದ್ದೇ. ನಂಗೆ ಸೊಳ್ಳೆ ಕಚ್ಚಿದಂಗೂ ಆಗಿಲ್ಲ. ನಂದು ಬರೀ ನೀರು ಕಣಮ್ಮ" ಎಂದು ಮುನಿಕೃಷ್ಣ ನಗುತ್ತಿದ್ದ. ಪಕ್ಕದಲ್ಲಿದ್ದ ಅವನ ಹೆಂಡತಿ ನಗುತ್ತಿರಲಿಲ್ಲ.

ಮೌನಿಕಾಗೆ ಪ್ರತಿ ಸಲವೂ ಜ್ವರ ಬಂತು. ಆ ಜ್ವರ ಬಂದರೆ ಚನ್ನರಾಯಪ್ಪನಿಗೆ ಹಬ್ಬ. ಹಣೆ ಮುಟ್ಟಿ ನೋಡಿ, ಹೊರಗೆ ಬಂದು ಮಗನಿಗೆ ಫೋನು ಹಚ್ಚುತ್ತಿದ್ದ. "ಜ್ವರ ಬಂದೈತೆ ಕಣೋ! ಚೆನ್ನಾಗೇ ಬಂದೈತೆ!" ಆ ಕಡೆಯಿಂದ ವೆಂಕಟ್ "ಹೌದಾ ಅಪ್ಪಾ!" ಎಂದು ಕೂಗುತ್ತಿದ್ದ. ಸೊಸೆ ಕಂಬಳಿಯೊಳಗೆ ನಡುಗುತ್ತಾ "ನಿಮ್ಮಿಬ್ರಿಗೂ ಹುಚ್ಚು" ಅನ್ನುತ್ತಿದ್ದಳು. ಅವಳ ಮುಖದಲ್ಲೂ ಖುಷಿ ಇರುತ್ತಿತ್ತು. ಡಾಕ್ಟರ್ ಚೈತನ್ಯ ಮಾತ್ರ, ಮದ್ದಿಲ್ಲದ ಸೂಜಿಗೂ ಜ್ವರ ಬರುತ್ತದೆ, ಅದರ ಮೇಲೆ ಏನೂ ಕಟ್ಟಿಕೊಳ್ಳಬೇಡಿ ಎಂದು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆ ಕೆಲವು ತಿಂಗಳು ಚೆನ್ನಾಗಿಯೇ ಕಳೆದವು. ತಲೆಯಲ್ಲಿ ಕೂದಲು ಸಣ್ಣಗೆ ಮತ್ತೆ ಬಂತು. ಶ್ರೀವಾಣಿ ವಾಪಸು ಬಂದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಕುಣಿದದ್ದನ್ನು ನೋಡಲು ಮೌನಿಕಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವತ್ತು ವೆಂಕಟ್ ತಂದೆಯನ್ನು ಪಕ್ಕಕ್ಕೆ ಕರೆದು, "ನಾನು ಬೇಡ ಅಂದಿದ್ದೇ ತಪ್ಪು ಅಪ್ಪಾ" ಎಂದ.

ಮಾವಿನ ಹೂವು ಬಿಡುವ ಕಾಲಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಒಂದು ಬಿಳಿ ಮಚ್ಚೆ ಕಂಡಿತು. ಡಾಕ್ಟರು ಪರದೆಯನ್ನು ಇವರ ಕಡೆ ತಿರುಗಿಸಿದರು. "ಎರಡರಲ್ಲಿ ಒಂದು. ಗಡ್ಡೆ ಮತ್ತೆ ಬೆಳೀತಿರಬೋದು. ಇಲ್ಲಾ ಮೈ ಅದರ ಮೇಲೆ ಯುದ್ಧ ಮಾಡ್ತಿರೋದ್ರಿಂದ ಊತ ಬಂದಿರಬೋದು. ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತೆ. ಕಾಯಬೇಕು."

ಕಾದರು. ಬಸ್ಸಿನಲ್ಲಿ ಅವಳು ಕೇಳಿದಳು, "ಊತಾನೇ ಅಲ್ವಾ ಮಾವ?" ಚನ್ನರಾಯಪ್ಪ "ಊತಾನೇ ಕಣಮ್ಮ, ಯುದ್ಧ ನಡೀತೈತೆ ಅಂದ್ರಲ್ಲ" ಎಂದ. ಹೇಳುವಾಗ ಅವನು ಅದನ್ನು ಪೂರ್ತಿ ನಂಬಿದ್ದ.

ಊತವಾಗಿರಲಿಲ್ಲ. ಬಲಗೈ ಪೂರ್ತಿ ಸೋತಿತು, ಕಾಲು ಎಳೆಯತೊಡಗಿತು. ಆಮೇಲೆ ಅವಳ ಕನ್ನಡ ಹೋಗತೊಡಗಿತು. ಮೊದಲು ಒಂದೊಂದು ಪದ, ಆಮೇಲೆ ಇಡೀ ವಾಕ್ಯ. ಅದರ ಜಾಗಕ್ಕೆ ತವರಿನ ತೆಲುಗು ಬಂದು ಕೂರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸು ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ, ಹೂವಿಗೆ "ಪುವ್ವು" ಅಂದಳು, ಬೆಕ್ಕಿಗೆ "ಪಿಲ್ಲಿ" ಅಂದಳು. ಕೊಡೆಯ ಚಿತ್ರಕ್ಕೆ ಯಾವ ಭಾಷೆಯಲ್ಲೂ ಹೆಸರು ಸಿಗದೆ ಅಳು ಬಂತು.

ಅವತ್ತು ವಾಪಸು ಬರುವಾಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿತ್ತು. ಶ್ರೀನಿವಾಸಪುರದ ಬಸ್ಸಿನ ಕಡೆ ನಡೆಯುತ್ತಿದ್ದಾಗ ಮೌನಿಕಾ ನಿಂತುಬಿಟ್ಟಳು.

"ನಾಯನಾ, ಚೆಪ್ಪು ಊಡಿಪೋಯಿಂದಿ."

ಚಪ್ಪಲಿ ಕಳಚಿಹೋಗಿತ್ತು. ಆದರೆ ಚನ್ನರಾಯಪ್ಪ ಕೇಳಿಸಿಕೊಂಡದ್ದು ಮೊದಲ ಪದವನ್ನು: ನಾಯನಾ, ಅಂದರೆ ಅಪ್ಪಾ. ಅವಳ ಅಪ್ಪ ಅವಳು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದ. ಆ ಪದವನ್ನು ಅವಳು ಯಾರಿಗೂ ಅಂದಿರಲಾರಳು. ಮಾವ ಎನ್ನುವ ಪದ ಸಿಗದೆ ಇದು ಬಂತೋ, ಬೇಕೆಂದೇ ಕರೆದಳೋ, ಅವನು ವಿಚಾರಿಸಲು ಹೋಗಲಿಲ್ಲ. ಅಷ್ಟು ಜನರ ನಡುವೆ ಕುಕ್ಕರುಗಾಲಲ್ಲಿ ಕೂತು ಸೊಸೆಯ ಪಾದ ಹಿಡಿದು ಚಪ್ಪಲಿ ತೊಡಿಸಿದ. "ವೇಸಿನಾನು ತಲ್ಲೀ, ಪದ", ಹಾಕಿದ್ದೀನಿ ತಾಯೀ, ನಡಿ ಎಂದು ಅವಳ ಮಾತಿನಲ್ಲೇ ಹೇಳಿ ತೋಳು ಹಿಡಿದ. ಅಂದಿನಿಂದ ಮನೆಯಲ್ಲಿ ಎಲ್ಲರೂ ತೆಲುಗಿನಲ್ಲೇ ಮಾತಾಡಿದರು.

ಲಸಿಕೆ ನಿಲ್ಲಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನ ವೆಂಕಟ್ ರಜ ಹಾಕಿ ಬಂದಿದ್ದ. "ಇವಾಗಾದ್ರೂ ಹೇಳಿ ಮೇಡಂ, ಕೊಟ್ಟಿದ್ದು ಏನು?"

"ನನಗೆ ನಿಜವಾಗ್ಲೂ ಗೊತ್ತಿಲ್ಲ ವೆಂಕಟ್. ಎಲ್ಲರದೂ ಮುಗಿಯೋವರ್ಗೂ ಗೊತ್ತಾಗಲ್ಲ."

"ನಂಗೊತ್ತು! ನೀರು ಚುಚ್ಚಿದ್ದೀರಿ. ಬರೀ ನೀರು ಚುಚ್ಚಿ ನಮ್ಮನ್ನ ಅಲೆಸಿದ್ದೀರಿ!" ಅವನ ಕೂಗಿಗೆ ಹೊರಗಿದ್ದವರು ಇಣುಕಿದರು. ಗಾಲಿಕುರ್ಚಿಯಲ್ಲಿದ್ದ ಮೌನಿಕಾ ಎಡಗೈ ಚಾಚಿ ಅವನ ಅಂಗಿಯ ತುದಿ ಹಿಡಿದೆಳೆದಳು. "ಗೊಡವ ವದ್ದು" ಎಂದಳು. ಜಗಳ ಬೇಡ. ಡಾಕ್ಟರ್ ಚೈತನ್ಯ ಎದ್ದು ಬಂದು ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಮಾವಿನ ಲಾರಿಗಳು ಊರು ತುಂಬ ಓಡಾಡುತ್ತಿದ್ದ ದಿನಗಳಲ್ಲಿ ಮೌನಿಕಾ ಮನೆಯಲ್ಲೇ ಹೋದಳು. ಶಾಮಲಮ್ಮ ಹೋಟೆಲು ಮುಚ್ಚಿ ಬಂದು ಕೊನೆಯವರೆಗೂ ಮಗಳ ಹತ್ತಿರವೇ ಇದ್ದಳು. ಚನ್ನರಾಯಪ್ಪ ಬೆಳಿಗ್ಗೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದ. ಮಂಕರಿ ಹೊತ್ತುಕೊಂಡು ಬರುವಷ್ಟರಲ್ಲಿ ಮನೆ ಮುಂದೆ ಜನ ನಿಂತಿದ್ದರು. ಅವನು ಮಂಕರಿ ಇಳಿಸುವುದನ್ನೂ ಮರೆತು ಹಾಗೇ ಬಾಗಿಲಲ್ಲಿ ನಿಂತಿದ್ದ; ಯಾರೋ ಬಂದು ಇಳಿಸಿದರು.

ಆಮೇಲೆ ವೆಂಕಟ್ ಅಳಲಿಲ್ಲ. ಅವನಿಗೆ ಸಿಟ್ಟಿತ್ತು, ಆ ಸಿಟ್ಟೇ ಅವನನ್ನು ನಿಲ್ಲಿಸಿತ್ತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಯಾರು ಕೇಳಿದರೂ "ನೀರು ಕೊಟ್ಟು ಕೊಂದ್ರು" ಅನ್ನುತ್ತಿದ್ದ. ಚನ್ನರಾಯಪ್ಪನೂ ಒಳಗೊಳಗೇ ಅದು ನೀರೇ ಇರಲಿ ಎಂದು ಬಯಸುತ್ತಿದ್ದ, ಆದರೆ ಬೇರೆ ಕಾರಣಕ್ಕೆ. ಅವಳಿಗೆ ಸಿಕ್ಕಿದ್ದು ನೀರಾದರೆ, ಎಲ್ಲೋ ಒಂದು ಕಡೆ ಮದ್ದು ಒಳ್ಳೆಯದೇ ಆಗಿರಬಹುದು, ಇನ್ಯಾರೋ ಬದುಕಬಹುದು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಮಾತನ್ನು ನಂಬಿಕೊಂಡು, ಅದರ ಬಗ್ಗೆ ಒಬ್ಬರಿಗೊಬ್ಬರು ಏನೂ ಹೇಳಿಕೊಳ್ಳದೆ ಎರಡು ವರ್ಷ ಕಳೆದರು. ಶ್ರೀವಾಣಿ ಮತ್ತೆ ಅಜ್ಜಿಯ ಹತ್ತಿರ ನಂಗಲಿಯಲ್ಲಿ ಓದುತ್ತಿದ್ದಳು.

ಡಾಕ್ಟರ್ ಚೈತನ್ಯ ತಾವೇ ಫೋನು ಮಾಡಿದರು. ಪ್ರಯೋಗ ಮುಗಿದಿದೆ, ತಿಳಿದುಕೊಳ್ಳಬೇಕು ಅನ್ನಿಸಿದವರು ಬರಬಹುದು. ವೆಂಕಟ್ ಕೂಡಲೇ ಹೊರಟ. "ಮುಖಕ್ಕೆ ಹೊಡ್ದಂಗೆ ಕೇಳ್ತೀನಿ" ಎಂದು ಬಸ್ಸಿನುದ್ದಕ್ಕೂ ಹೇಳುತ್ತಿದ್ದ.

ಡಾಕ್ಟರು ಸುತ್ತು ಬಳಸಲಿಲ್ಲ. "ಮೌನಿಕಾಗೆ ಬಂದಿದ್ದು ಲಸಿಕೇನೇ. ಮೊದಲನೇದ್ರಿಂದ ಕೊನೇದ್ರವರೆಗೆ."

ವೆಂಕಟ್ ಕುರ್ಚಿಯಿಂದ ಎದ್ದ, ಮತ್ತೆ ಕೂತ.

"ಮತ್ತೆ ಯಾಕೆ..." ಎಂದ ಚನ್ನರಾಯಪ್ಪ.

"ಗೊತ್ತಿಲ್ಲ. ಒಟ್ಟಿನಲ್ಲಿ ನೋಡಿದ್ರೆ ಲಸಿಕೆ ತಗೊಂಡೋರು ಕೆಲವು ತಿಂಗಳು ಹೆಚ್ಚು ಬದುಕಿದ್ದಾರೆ. ಕೆಲವರು ವರ್ಷಗಟ್ಟಲೆ. ಕೆಲವರಿಗೆ ಏನೂ ಆಗಿಲ್ಲ. ಯಾಕೆ ಹೀಗೆ ಅಂತ ಹುಡುಕ್ತಿದ್ದೀವಿ. ಅವರು ಕೊಟ್ಟ ರಕ್ತ, ಗಡ್ಡೆಯ ಚೂರು ಇನ್ನೂ ನಮ್ಮ ಹತ್ರ ಇದೆ. ಅದರಿಂದಾನೇ ಹುಡುಕ್ತಿದ್ದೀವಿ." ಸ್ವಲ್ಪ ತಡೆದು ಹೇಳಿದರು, "ಅವರನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ. ಅದು ನನಗೆ ಮರೆತುಹೋಗಿಲ್ಲ."

ಬೈಯಬೇಕೆಂದು ಬಂದ ವೆಂಕಟ್‌ಗೆ ಬೈಯಲು ಯಾರೂ ಇರಲಿಲ್ಲ. ಹೊರಗೆ ಬಂದವನು ಗೋಡೆ ಹಿಡಿದುಕೊಂಡು ನಿಂತ. ಹಾಗೇ ಕುಸಿದು ಕೂತು, ಎರಡು ವರ್ಷದ ಅಳುವನ್ನು ಒಟ್ಟಿಗೆ ಅತ್ತ. ಚನ್ನರಾಯಪ್ಪ ಮಗನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡ.

ಆಗ ಕಾರಿಡಾರಿನ ಆ ತುದಿಯಲ್ಲಿ ಯಾರೋ ಇವರನ್ನು ನೋಡಿ, ಬೇಗ ಬೇರೆ ಕಡೆ ತಿರುಗಿದಂತಾಯಿತು. ಮುನಿಕೃಷ್ಣ. ಸ್ವಲ್ಪ ದಪ್ಪಗಾಗಿದ್ದ, ಅಷ್ಟೆ. ಮಗ ಸ್ವಲ್ಪ ಸಮಾಧಾನವಾದ ಮೇಲೆ ಚನ್ನರಾಯಪ್ಪ ಅಲ್ಲಿಗೇ ನಡೆದುಹೋದ. ಮುನಿಕೃಷ್ಣ ಎದ್ದು ನಿಂತ, ಮುಖ ಎತ್ತಲಿಲ್ಲ.

"ನಿಂಗೇನು ಬಂದಿತ್ತಪ್ಪ?"

"ಮದ್ದೇ ಯಜಮಾನರೇ." ತಪ್ಪು ಮಾಡಿದವನ ಹಾಗೆ ಅವನ ದನಿ ಅಡಗಿತ್ತು. "ಒಂದು ದಿನಾನೂ ಜ್ವರ ಬರ್ಲಿಲ್ಲ. ನೀರು ಅಂದ್ಕೊಂಡಿದ್ದೆ. ಅದೇ ಮದ್ದು. ಆಯಮ್ಮನಿಗೂ ಅದೇ ಅಲ್ವಾ?"

"ಹೂಂ. ಅದೇ."

"ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತ ಹಿಂದಿನ ಬಾಗಿಲಿಂದ ಹೋಗಾಣ ಅಂತಿದ್ದೆ."

ಇವನು ಯಾಕೆ, ಅವಳು ಯಾಕಲ್ಲ ಎಂದು ಚನ್ನರಾಯಪ್ಪನಿಗೆ ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಅವನು ಮುನಿಕೃಷ್ಣನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ ತಾನೂ ಕೂತ. "ಕೆಲ್ಸ ಮಾಡ್ತಿದ್ದೀಯಾ?"

"ಸಣ್ಣಪುಟ್ಟದು. ದೊಡ್ಡ ಕಲ್ಲು ಆಗಲ್ಲ."

"ಮಾಡು. ಮಾಡ್ತಾ ಇರು" ಎಂದ.

ಊರಿಗೆ ಹೋಗಬೇಕಾದವರು ಕೋಲಾರದಲ್ಲಿ ಇಳಿಯದೆ ಮುಳಬಾಗಿಲು ದಾಟಿ ನಂಗಲಿಗೇ ಹೋದರು. ಹೆತ್ತವಳಿಗೆ ಫೋನಿನಲ್ಲಿ ಹೇಳುವ ವಿಷಯವಾಗಿರಲಿಲ್ಲ. ಹೋಟೆಲಿನ ಮುಂದೆ ಲಾರಿಗಳು ನಿಂತಿದ್ದವು. ಬೆಂಚುಗಳ ಮೇಲೆ ಡ್ರೈವರುಗಳು ಕೂತಿದ್ದರು. ಶ್ರೀವಾಣಿ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಶಾಮಲಮ್ಮ ಹೆಂಚಿನ ಮುಂದೆ ನಿಂತುಕೊಂಡೇ ಎಲ್ಲವನ್ನೂ ಕೇಳಿದಳು. ಲಸಿಕೆಯೇ ಬಂದಿತ್ತು, ಅವಳಿಗೆ ಹಿಡಿಯಲಿಲ್ಲ ಎಂದು ಚನ್ನರಾಯಪ್ಪ ತೆಲುಗಿನಲ್ಲಿ ಹೇಳಿದ. ಅದೇ ಮದ್ದು ತೆಗೆದುಕೊಂಡ ಶಿವಾರಪಟ್ಟಣದವನನ್ನು ಕಂಡದ್ದನ್ನೂ ಬಚ್ಚಿಡಲಿಲ್ಲ.

ಶಾಮಲಮ್ಮ ಹೆಂಚಿನ ಮೇಲಿದ್ದದ್ದನ್ನು ಮಗುಚಲಿಲ್ಲ. ದೋಸೆ ಸೀದು ಹೊಗೆ ಎದ್ದಿತು.

"ಆಯನ ಬಾಗುನ್ನಾಡಾ?" ಎಂದಳು. ಅವನು ಚೆನ್ನಾಗಿದ್ದಾನಾ?

"ಬಾಗುನ್ನಾಡಮ್ಮಾ."

"ಉಂಡನೀ" ಎಂದಳು ಶಾಮಲಮ್ಮ. ಇರಲಿ, ಬದುಕಿರಲಿ. ಮತ್ತೊಮ್ಮೆ "ಉಂಡನೀಲೇ" ಎಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗಿನ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟಳು. ಚನ್ನರಾಯಪ್ಪ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕೂತ.

ಹೊರಗೆ ಯಾರೋ ಡ್ರೈವರು "ಅಮ್ಮಾ, ದೋಸೆ" ಎಂದು ಕೂಗಿದ. ವೆಂಕಟ್ ಕಣ್ಣೊರೆಸಿಕೊಂಡು, ಸೀದದ್ದನ್ನು ಕೆರೆದು ಹಾಕಿ, ಹೆಂಚಿಗೆ ನೀರು ಚಿಮುಕಿಸಿದ. ಹಿಟ್ಟಿನ ಪಾತ್ರೆ ಎಳೆದುಕೊಂಡು ಸೌಟು ಕೈಗೆತ್ತಿಕೊಂಡ. ಮೊದಲನೆಯದು ಸರಿಯಾಗಿ ಏಳಲಿಲ್ಲ. ಇನ್ನೊಂದು ಹುಯ್ದ.